ಹಿಡಿಕೆಗೆ ಕಟ್ಟಿದ್ದ ಟವೆಲ್

ಕೋವಿಡ್ ಕಳೆದು ಎರಡನೆಯ ವರ್ಷ. ಆಗ ನಾನು ಮುರ್ಮುಗಾಂವ್ ಬಂದರಿನಿಂದ ತುಸು ದೂರದ ಒಂದು ಐಸ್ ಫ್ಯಾಕ್ಟರಿಯಲ್ಲಿ ಎಲೆಕ್ಟ್ರಿಕಲ್ ಸೂಪರ್‌ವೈಸರ್ ಆಗಿದ್ದೆ. ನಿವೃತ್ತಿಗೆ ಹದಿನಾಲ್ಕು ತಿಂಗಳು ಬಾಕಿ ಇತ್ತು. ಬಾದಾಮಿ ಕಡೆಯಿಂದ ಇಪ್ಪತ್ತೆರಡನೆಯ ವಯಸ್ಸಿಗೆ ಗೋವಾಕ್ಕೆ ಬಂದು ಫಾತೋರ್ಡಾದಲ್ಲಿ ಮನೆ ಮಾಡಿದವನು ನಾನು. ನನ್ನ ಬಗ್ಗೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಾನು ಹಗಲುಗನಸಿನ ಮನುಷ್ಯ. ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕರೆ ಇಳಿಯುವ ಸ್ಟಾಪ್ ದಾಟಿಹೋಗಿರುತ್ತದೆ. "ನಿಮಗ ಕರೆಂಟ್ ಹೊಡದ್ರೂ ಎಚ್ಚರ ಆಗಂಗಿಲ್ಲ ಬಿಡ್ರಿ" ಎಂದು ಹೆಂಡತಿ ಆಡಿಕೊಳ್ಳುತ್ತಿದ್ದಳು. ಇಂಥವನು ಮೂವತ್ತೈದು ವರ್ಷ ವಿದ್ಯುತ್ತಿನ ಕೆಲಸ ಮಾಡಿ ಉಳಿದುಕೊಂಡಿದ್ದೇನೆಂದರೆ ಅದು ದೇವರ ದಯೆ, ಜೊತೆಗಿದ್ದವರ ಪುಣ್ಯ.

ಐಸ್ ಫ್ಯಾಕ್ಟರಿಯೂ ಕನಸು ಕಾಣುವವರಿಗೆ ಹೇಳಿ ಮಾಡಿಸಿದ ಜಾಗವೇ. ಉಪ್ಪುನೀರಿನ ದೊಡ್ಡ ತೊಟ್ಟಿ, ಅದರಲ್ಲಿ ಸಾಲಾಗಿ ಮುಳುಗಿಸಿದ ತಗಡಿನ ಡಬ್ಬಿಗಳು, ಮುಚ್ಚಳದ ಹಲಗೆ ಎತ್ತಿದರೆ ಮೊಣಕಾಲಿನವರೆಗೆ ತೇಲಿ ಬರುವ ಬಿಳಿ ಹಬೆ. ಹಿಂದಿನಿಂದ ಕಂಪ್ರೆಸರಿನ ಒಂದೇ ಸಮನೆ ಗುಂಯ್ ಎನ್ನುವ ಸದ್ದು. ಹೊರಗೆ ಬಿಸಿಲಿನಲ್ಲಿ ಮೀನಿನ ವಾಸನೆ, ಒಳಗೆ ಮಾಗಿಯ ಬೆಳಗಿನ ಚಳಿ. ಮಧ್ಯಾಹ್ನ ಒಂದು ಗಂಟೆಯಿಂದ ಮೂರರವರೆಗೆ ಗೋವಾ ಮಲಗುತ್ತದೆ. ಅಂಗಡಿಗಳ ಬಾಗಿಲು ಮುಚ್ಚುತ್ತವೆ, ನಾಯಿಗಳು ಸಹ ಬೊಗಳುವುದಿಲ್ಲ. ಆ ಎರಡು ಗಂಟೆ ಯಾವುದು ನಿಜ, ಯಾವುದು ನಿದ್ದೆ ಎಂದು ನನಗೆ ಎಷ್ಟೋ ಸಲ ತಿಳಿಯುತ್ತಿರಲಿಲ್ಲ.

ಆ ವರ್ಷ ಮಾಲೀಕರಿಗೆ ಒಂದು ಆಸೆ ಹುಟ್ಟಿತು. ಯಾವ ಮೋಟಾರು ಯಾವ ಹೊತ್ತಿನಲ್ಲಿ ಎಷ್ಟು ಕರೆಂಟ್ ತಿನ್ನುತ್ತದೆಂದು ಮನೆಯಲ್ಲಿ ಕುಳಿತು ಮೊಬೈಲಿನಲ್ಲೇ ನೋಡಬೇಕು. ಅದಕ್ಕಾಗಿ ವೈರ್‌ಲೆಸ್ ಎನರ್ಜಿ ಸೆನ್ಸರ್ ತರಿಸಿದರು. ಕಂಪ್ರೆಸರ್ ಪ್ಯಾನಲ್ಲಿನಲ್ಲಿ, ಅಂದರೆ ಹೊರಗಿನಿಂದ ಬಂದ ವಿದ್ಯುತ್ತನ್ನು ಮೋಟಾರುಗಳಿಗೆ ಹಂಚುವ ಕಬ್ಬಿಣದ ಕಪಾಟಿನಲ್ಲಿ, ಅದನ್ನು ಕೂರಿಸುವುದು ನನ್ನ ಕೆಲಸ. ಸಾಧನ ಚಿಕ್ಕದು. ಸಿ.ಟಿ. ಎನ್ನುವ ಮೂರು ಬಳೆಗಳಿರುತ್ತವೆ. ಬಾಯಿ ತೆರೆದು ಒಂದೊಂದು ಫೇಸಿನ ಕೇಬಲ್ಲಿನ ಸುತ್ತ ಮುಚ್ಚಿದರೆ ಸಾಕು, ಕೇಬಲ್ ಕತ್ತರಿಸುವುದು ಬೇಕಿಲ್ಲ. ಬಳೆಯ ಮೇಲಿನ ಬಾಣದ ಗುರುತು ಮೋಟಾರಿನ ಕಡೆಗಿರಬೇಕು. ವೋಲ್ಟೇಜ್ ಅಳೆಯಲು ಫ್ಯೂಸ್ ಹಾಕಿದ ಸಣ್ಣ ವೈರುಗಳನ್ನು ಟರ್ಮಿನಲ್‌ಗೆ ಕೂಡಿಸಬೇಕು. ಕಬ್ಬಿಣದ ಪೆಟ್ಟಿಗೆ ರೇಡಿಯೋ ಸಿಗ್ನಲ್ಲನ್ನು ನುಂಗುತ್ತದಾದ್ದರಿಂದ ಆಂಟೆನಾ ಹೊರಗೆ ಬರಬೇಕು. ಸೆನ್ಸರಿಗೆ ಬ್ಯಾಟರಿ ಇಲ್ಲ, ಪ್ಯಾನಲ್ಲಿನ ಕರೆಂಟೇ ಅದರ ಊಟ.

ಕಷ್ಟವಿದ್ದದ್ದು ಜಾಗದ್ದು. ನಮ್ಮದು ಹಳೆಯ ಪ್ಯಾನಲ್. ಮೂರನೆಯ ಕೇಬಲ್ ಹಿಂದಿನ ಮೂಲೆಯಲ್ಲಿತ್ತು. ಅದನ್ನು ಮುಟ್ಟಬೇಕಾದರೆ ಬರಿಯ ತಾಮ್ರದ ಟರ್ಮಿನಲ್‌ಗಳನ್ನು ದಾಟಿ ಮೊಣಕೈವರೆಗೆ ಕೈ ತೂರಿಸಬೇಕು. ಅಲ್ಲಿರುವುದು ನಾನೂರ ಹದಿನೈದು ವೋಲ್ಟ್. ಪ್ಯಾನಲ್ಲಿಗೆ ಕರೆಂಟ್ ಕೊಡುವ ಮೇನ್ ಸ್ವಿಚ್ ಇದ್ದದ್ದು ಗೇಟಿನ ಪಕ್ಕದ ಮೀಟರ್ ರೂಮಿನಲ್ಲಿ, ನಲವತ್ತು ಹೆಜ್ಜೆ ಆಚೆ. ಇಲ್ಲಿ ನಿಂತರೆ ಅದು ಕಾಣುವುದಿಲ್ಲ.

ಇದಕ್ಕೆ ನಮ್ಮವರದೇ ಒಂದು ಪದ್ಧತಿ ಇತ್ತು. ಬಿಜಾಪುರ, ಬಾಗಲಕೋಟೆ ಕಡೆಯ ನಮ್ಮ ಫಿಟ್ಟರುಗಳು ಸ್ವಿಚ್ಚಿನ ಹಿಡಿಕೆ ಕೆಳಗಿಳಿಸಿ, ಹೆಗಲ ಮೇಲಿನ ಟವೆಲ್ ತೆಗೆದು ಅದಕ್ಕೆ ಗಂಟು ಹಾಕುತ್ತಿದ್ದರು. ಟವೆಲ್ ಇದೆ ಎಂದರೆ ಒಳಗೆ ಒಬ್ಬನ ಕೈ ಇದೆ. ಅವನೇ ಬಂದು ಬಿಚ್ಚುವವರೆಗೆ ಯಾರೂ ಹಿಡಿಕೆ ಎತ್ತುವಂತಿಲ್ಲ. ಗೋವಾದವನೇ ಆದ ಆಪರೇಟರ್ ಕಾಯ್ತಾನ್ ಕೂಡ ಇದನ್ನು ಕಲಿತಿದ್ದ. ಹತ್ತೊಂಬತ್ತು ವರ್ಷ ಆ ಗಂಟನ್ನು ನಂಬಿ ಕೆಲಸ ಮಾಡಿದ್ದೆವು.

ಮೀನುಗಾರಿಕೆಯ ನಿಷೇಧ ಮುಗಿದು ಬೋಟುಗಳು ಮತ್ತೆ ಸಮುದ್ರಕ್ಕೆ ಇಳಿದಿದ್ದ ಆಗಸ್ಟ್ ತಿಂಗಳು. ನಾಲ್ಕು ಗಂಟೆಗೆ ಐಸ್ ಬೇಕೆಂದು ಜೆಟ್ಟಿಯಿಂದ ಹೇಳಿಕಳಿಸಿದ್ದರು. ಬೆಳಿಗ್ಗೆ ಹನ್ನೊಂದೂವರೆಗೆ ಕಂಪ್ರೆಸರ್ ನಿಲ್ಲಿಸಿದೆವು. ನನ್ನ ಜೊತೆ ಫಿಟ್ಟರ್ ಮಲ್ಲಪ್ಪ. ನಲವತ್ತೆರಡರ ಗಟ್ಟಿ ಆಳು, ಎರಡು ಹೆಣ್ಣುಮಕ್ಕಳ ತಂದೆ, ಮಾತು ಕಡಿಮೆ, ಕೈ ಚುರುಕು. ಅವನೇ ಹೋಗಿ ಹಿಡಿಕೆ ಇಳಿಸಿ ತನ್ನ ಟವೆಲ್ ಕಟ್ಟಿ ಬಂದ. ನಾನು ನಿಯಮದ ಪ್ರಕಾರ ಟೆಸ್ಟರ್ ಹಿಡಿದೆ. ಮೊದಲು ಕರೆಂಟ್ ಇದ್ದೇ ಇರುವ ದೀಪದ ಲೈನಿನಲ್ಲಿ ಹಿಡಿದು ಟೆಸ್ಟರ್ ಸರಿಯಿದೆಯೆಂದು ನೋಡಿಕೊಂಡೆ, ಆಮೇಲೆ ಪ್ಯಾನಲ್ಲಿನ ಮೂರು ಫೇಸ್ ನೋಡಿದೆ, ಕೊನೆಗೆ ಮತ್ತೆ ದೀಪದ ಲೈನು. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎನ್ನುತ್ತಾರಲ್ಲ, ನಮ್ಮ ಕಸುಬಿನಲ್ಲಿ ಅದು ಗಾದೆಯಷ್ಟೇ ಆಗಿ ಉಳಿದರೆ ಜೀವ ಉಳಿಯುವುದಿಲ್ಲ. ಒಂದು ಗಂಟೆಯ ಹೊತ್ತಿಗೆ ವೋಲ್ಟೇಜ್ ವೈರುಗಳು, ಎರಡು ಬಳೆ, ಆಂಟೆನಾ ಎಲ್ಲ ಕೂತವು. ಮೂಲೆಯದೊಂದು ಬಳೆ ಉಳಿಯಿತು. "ಊಟ ಮಾಡಿ ಮುಗಸೂಣ್ರಿ" ಎಂದ ಮಲ್ಲಪ್ಪ.

ತೊಟ್ಟಿಯ ಗೋಡೆಗೆ ಬೆನ್ನು ಕೊಟ್ಟು ರೊಟ್ಟಿ ತಿಂದೆವು. ಕಂಪ್ರೆಸರ್ ನಿಂತಿದ್ದರಿಂದ ಎಂಥ ಮೌನ ಅಂತೀರಿ! ಡಬ್ಬಿಗಳೊಳಗೆ ಮಂಜು ಗಟ್ಟಿಯಾಗುತ್ತ ಚಿಟ್ ಎನ್ನುವುದೂ ಕೇಳುತ್ತಿತ್ತು. ಕಣ್ಣು ಮುಚ್ಚಿದೆ. ಊರಿನ ಹೊಂಡದ ನೀರಿನಲ್ಲಿ ಬೆನ್ನ ಮೇಲೆ ತೇಲುತ್ತಿದ್ದೆ, ಮೇಲೆ ಕೆಂಪು ಕಲ್ಲಿನ ಬೆಟ್ಟ, ಅದರ ಮೇಲೆ ಮೋಡ. ಮಲ್ಲಪ್ಪ ಭುಜ ಮುಟ್ಟಿದಾಗ ಎರಡು ಗಂಟೆ ದಾಟಿತ್ತು.

ಪ್ಯಾನಲ್ಲಿನ ಮುಂದೆ ನಿಂತು ಕಿಸೆಗೆ ಕೈ ಹಾಕಿದೆ, ಟೆಸ್ಟರ್ ತೆಗೆಯಲು. ವಿರಾಮ ತೆಗೆದುಕೊಂಡರೆ ಮತ್ತೆ ಪರೀಕ್ಷಿಸಬೇಕು, ಇದು ನಿಯಮ.

"ಮುಂಜಾನೆ ನೋಡೇವಲ್ರಿ ಸರ್" ಎಂದ ಮಲ್ಲಪ್ಪ. "ಟವೆಲ್ ಕಟ್ಟಿ ಬಂದೇನಿ. ಇದೊಂದು ಬಳಿ ಹಾಕಿದ್ರ ಮುಗೀತ್ರಿ."

ನಾನು "ಹೂಂ" ಎಂದೆ. ಮೈ ಇಲ್ಲಿತ್ತು, ಮನಸ್ಸು ಇನ್ನೂ ಹೊಂಡದ ನೀರಿನಲ್ಲಿತ್ತು. ಆ ‘ಹೂಂ’ಗಾಗಿ ನಾನು ಇಂದಿಗೂ ನಾಚುತ್ತೇನೆ.

ಅವನು ಬಳೆಯ ಬಾಯಿ ತೆರೆದು ಕೈ ಒಳಗೆ ತೂರಿಸಿದ. ನಾನು ಟಾರ್ಚ್ ಹಿಡಿದು ಬೆಳಕು ಬಿಡುತ್ತಿದ್ದೆ. ಕಪಾಟಿನ ಕತ್ತಲೆಯಲ್ಲಿ ಪುಟ್ಟದೊಂದು ಹಸಿರು ಬೆಳಕು ಕಂಡಿತು. ಹತ್ತುತ್ತದೆ, ಆರುತ್ತದೆ, ಮತ್ತೆ ಹತ್ತುತ್ತದೆ, ಮಿಂಚುಹುಳದ ಹಾಗೆ. ಎಷ್ಟು ಚೆಂದ ಎಂದುಕೊಂಡೆ. ನಿಜ ಹೇಳುತ್ತೇನೆ, ಎರಡು ಮೂರು ಉಸಿರಿನಷ್ಟು ಹೊತ್ತು ಅದನ್ನು ನೋಡುತ್ತ ಸುಮ್ಮನೆ ನಿಂತಿದ್ದೆ. ಆಮೇಲೆ ಹೊಳೆಯಿತು, ಅದು ಸೆನ್ಸರಿನ ದೀಪ. ಬ್ಯಾಟರಿಯಿಲ್ಲದ ಸೆನ್ಸರಿಗೆ ಊಟ ಹಾಕಿದವರು ಯಾರು?

"ಮಲ್ಲಪ್ಪಾ, ಕೈ ಹಿಂದಕ್ಕ ತಗೋ. ಸಾವಕಾಶ. ಎಲ್ಲೂ ತಾಗಸಬ್ಯಾಡ."

ಅವನು ಕೈಯನ್ನು ಇಂಚಿಂಚಾಗಿ ಹಿಂದಕ್ಕೆ ಎಳೆದುಕೊಂಡ. ಅವನ ಮುಂಗೈಗೂ ತಾಮ್ರಕ್ಕೂ ನಾಲ್ಕು ಬೆರಳಿನ ಅಂತರವಿತ್ತು. ಕೈ ಹೊರಗೆ ಬಂದ ಮೇಲೆ ಟೆಸ್ಟರ್ ಹಿಡಿದೆ. ಮೂರೂ ಫೇಸಿನಲ್ಲಿ ಅದು ಚೀರಿಕೊಂಡಿತು. ಕಂಪ್ರೆಸರ್ ಬಟನ್ ಒತ್ತದೆ ಓಡುವುದಿಲ್ಲವಾದ್ದರಿಂದ ಕರೆಂಟ್ ಒಂದಿಷ್ಟೂ ಸದ್ದಿಲ್ಲದೆ ಬಂದು ಕೂತಿತ್ತು. ಮಲ್ಲಪ್ಪ ನೆಲದ ಮೇಲೆ ಕುಳಿತು ತನ್ನ ಬಲಗೈಯನ್ನೇ ನೋಡತೊಡಗಿದ.

ಮೀಟರ್ ರೂಮಿಗೆ ಹೋದೆ. ಹಿಡಿಕೆ ಮೇಲೆದ್ದಿತ್ತು. ಟವೆಲ್ ಇರಲಿಲ್ಲ. ಎರಡು ಗಂಟೆಯ ಪಾಳಿಗೆ ಆಗಷ್ಟೇ ಬಂದಿದ್ದ ಕಾಯ್ತಾನ್ ನಮ್ಮವರಿಂದ ಕಲಿತ ಕನ್ನಡದಲ್ಲೇ ಹೇಳಿದ: "ಟವೆಲ್ ಇಲ್ಲ ಸಾಹೇಬ್. ಕಾಮ್ ಖತಂ ಅಂತ ತಿಳ್ಕೊಂಡೆ. ನಾಲ್ಕಕ್ಕೆ ಬೋಟಿಗೆ ಬರ್ಫ್ ಕೊಡಬೇಕಲ್ಲ." ಅವನ ಮಾತಿನಲ್ಲಿ ತಪ್ಪು ಹುಡುಕಲು ನನಗೆ ಆಗಲಿಲ್ಲ. ಮೊದಲು ಹಿಡಿಕೆ ಇಳಿಸಿ, ಅವನನ್ನು ಅಲ್ಲೇ ಕಾವಲು ನಿಲ್ಲಿಸಿ ಹೊರಗೆ ಬಂದೆ.

ಟವೆಲ್ ಹಿತ್ತಲ ತಂತಿಯ ಮೇಲೆ ಒಣಗುತ್ತಿತ್ತು. ಪಕ್ಕದಲ್ಲಿ ಯಲ್ಲವ್ವ ಬಕೀಟು ತೊಳೆಯುತ್ತಿದ್ದಳು. ಮುದ್ದೇಬಿಹಾಳ ಕಡೆಯವಳು, ಹನ್ನೊಂದು ವರ್ಷದಿಂದ ನಮ್ಮಲ್ಲಿ ಕಸಗುಡಿಸುವ ಕೆಲಸ. ಗಂಡ ಬಂದರಿನಲ್ಲಿ ಲೋಡಿಂಗ್ ಮಾಡುವಾಗ ಬೆನ್ನು ಮುರಿದುಕೊಂಡು ಮಲಗಿದ್ದ, ಮನೆ ನಡೆಯುತ್ತಿದ್ದದ್ದು ಇವಳ ದುಡಿಮೆಯಿಂದ. ಊರಿನವರ ಕೊಳೆ ಬಟ್ಟೆ ಕಂಡರೆ ಅಕ್ಕನ ಹಾಗೆ ಒಗೆದು ಹಾಕುವುದು ಅವಳ ರೂಢಿ.

"ಎಣ್ಣಿ ಮೆತ್ತಿ ಕರ್ರಗಾಗಿತ್ರಿ" ಎಂದಳು ನಗುತ್ತ. "ಮಲ್ಲಪ್ಪ ತಮ್ಮ ಅದನ್ನ ಹೆಗಲಮ್ಯಾಲೆ ಹಾಕ್ಕೊಂಡು ತಿರಗತಾನ. ಹಿಡಿಕಿಗೆ ಕಟ್ಟಿತ್ತು, ಬಿಚ್ಚಿ ಒಗದು ಹಾಕಿದ್ನಿ. ಯಾಕ್ರಿ ಸಾಹೇಬ್ರ?"

ಹೇಳಿದೆ. ಅವಳ ಕೈಯಿಂದ ಬಕೀಟು ಜಾರಿತು. "ಅಯ್ಯ ಯವ್ವಾ, ನನ್ನ ಕೈಲೆ ತಮ್ಮನ ಜೀವ ಹೋಗ್ತಿತ್ತಲ್ರಿ" ಎಂದು ಬಾಯಿಗೆ ಸೆರಗು ಒತ್ತಿಕೊಂಡಳು. ಆಮೇಲೆ, ಯಾರನ್ನೂ ದೂರದೆ, ತನಗೆ ತಾನೇ ಎಂಬಂತೆ ಕೇಳಿದಳು: "ನನಗ ಯಾರೂ ಹೇಳಿದ್ದಿಲ್ಲಲ್ರಿ?"

ಮರುದಿನ ಮ್ಯಾನೇಜರ್ ಕರೆಸಿದರು. ನಾಳೆಯಿಂದ ಆ ಹೆಂಗಸು ಬರುವುದು ಬೇಡ ಎಂದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವ ನ್ಯಾಯ. ನನಗೆ ಸಿಟ್ಟು ಬಂತು, ಹೆಚ್ಚಿನದು ನನ್ನ ಮೇಲೆಯೇ. ಯಾಕೆಂದರೆ ಸ್ವಿಚ್ಚಿಗೆ ಹಾಕುವ ಸುರಕ್ಷತಾ ಬೀಗ ಆರು ತಿಂಗಳಿಂದ ನನ್ನ ಡ್ರಾಯರಿನಲ್ಲಿ ಕವರಿನ ಸಮೇತ ಬಿದ್ದಿತ್ತು. ಟವೆಲ್ ಇದೆಯಲ್ಲ ಎಂದು ನಾನೇ ಅದನ್ನು ತೆಗೆದಿರಲಿಲ್ಲ. ಅಲ್ಲೇ ಕುಳಿತು ವರದಿ ಬರೆದೆ. ಬೀಗವಿದ್ದೂ ಹಾಕಿಸದವನು ನಾನು, ಊಟದ ನಂತರ ಪರೀಕ್ಷಿಸದೆ ಕೆಲಸ ಮುಂದುವರಿಸಲು ಒಪ್ಪಿದವನು ನಾನು, ಟವೆಲ್ಲಿನ ಅರ್ಥವನ್ನು ಯಲ್ಲವ್ವನಿಗೆ ಹನ್ನೊಂದು ವರ್ಷ ಹೇಳದವನೂ ನಾನು. ನಿವೃತ್ತಿ ಹತ್ತಿರದಲ್ಲಿದೆ, ಯೋಚನೆ ಮಾಡಿ ಎಂದರು ಮ್ಯಾನೇಜರ್. ಅವಳನ್ನು ತೆಗೆಯುವುದಾದರೆ ನನ್ನ ರಾಜೀನಾಮೆಯನ್ನೂ ಇದರ ಜೊತೆ ತೆಗೆದುಕೊಳ್ಳಿ ಎಂದೆ. ಯಲ್ಲವ್ವ ಉಳಿದಳು. ನನಗೆ ಸೇವೆಯಲ್ಲೇ ಮೊದಲ ಎಚ್ಚರಿಕೆ ಪತ್ರ ಬಂತು. ಹೆಂಡತಿ ಅದನ್ನು ಎರಡು ಸಲ ಓದಿ, "ಅಂತೂ ಎಚ್ಚರ ಆತಲ್ರಿ" ಎಂದಳು. ಕಣ್ಣಲ್ಲಿ ನೀರಿತ್ತು.

ಉಳಿದ ಬಳೆಯನ್ನು ಮುಂದಿನ ಸೋಮವಾರ ಹಾಕಿದೆವು. ಅದಕ್ಕೂ ಮುಂಚೆ ಎಲ್ಲರನ್ನೂ ಮೀಟರ್ ರೂಮಿಗೆ ಕರೆದೆ, ಕಾಯ್ತಾನನನ್ನು, ಗೇಟಿನ ವಾಚ್‌ಮನ್ನನನ್ನು, ಯಲ್ಲವ್ವನನ್ನು. ಹಿಡಿಕೆ ಇಳಿಸಿ ಮಲ್ಲಪ್ಪನಿಂದ ಕೆಂಪು ಬೀಗ ಹಾಕಿಸಿದೆ. ಕೆಲಸ ಮಾಡುವವನ ಕೊರಳಲ್ಲೇ ಇದರ ಕೀ ಇರುತ್ತದೆ, ಅವನನ್ನು ಬಿಟ್ಟು ಇನ್ನಾರೂ ತೆಗೆಯಲಾಗದು ಎಂದು ವಿವರಿಸಿದೆ. ಎಲ್ಲರೂ ತಲೆಯಾಡಿಸಿದರು. ಯಲ್ಲವ್ವ ಮಾತ್ರ ಕಸಬರಿಗೆ ಹಿಡಿದುಕೊಂಡೇ ಬೀಗವನ್ನು ಬಗ್ಗಿ ನೋಡಿದಳು.

"ಸಾಹೇಬ್ರ, ಅಂಗಡ್ಯಾಗ ಕೀಲಿ ತಗೊಂಡ್ರ ಎರಡು ಕೀಲಿಕೈ ಕೊಡತಾರಲ್ರಿ. ಇನ್ನೊಂದು ಎಲ್ಲೈತ್ರಿ?"

ಇನ್ನೊಂದು ನನ್ನ ಡ್ರಾಯರಿನಲ್ಲೇ ಇತ್ತು, ಡ್ರಾಯರಿಗೆ ಬೀಗವಿರಲಿಲ್ಲ. ಲೈಸೆನ್ಸ್ ಇದ್ದ ನಾನಾಗಲಿ, ತಲೆಯಾಡಿಸಿದ ಉಳಿದವರಾಗಲಿ ಅದನ್ನು ಯೋಚಿಸಿರಲಿಲ್ಲ. ಜೀವ ಕಾಯುವ ಯಾವುದೇ ಏರ್ಪಾಟು ಅಲ್ಲಿ ಓಡಾಡುವ ಪ್ರತಿಯೊಬ್ಬರಿಗೂ ಗೊತ್ತಿರಬೇಕು, ಅದರ ಬಗ್ಗೆ ಪ್ರಶ್ನೆ ಕೇಳುವ ಹಕ್ಕೂ ಅವರಿಗಿರಬೇಕು. ಮೂವತ್ತೈದು ವರ್ಷದ ನೌಕರಿ ನನಗೆ ಇದನ್ನು ಕಲಿಸಿದ್ದು ಆ ಬೆಳಿಗ್ಗೆ. ನಾನೇ ಹೋಗಿ ಎರಡನೆಯ ಕೀ ತಂದು ಮಲ್ಲಪ್ಪನ ಕೈಗೆ ಕೊಟ್ಟೆ. ಅವನು ಎರಡನ್ನೂ ಒಂದೇ ದಾರಕ್ಕೆ ಪೋಣಿಸಿ ಕೊರಳಿಗೆ ಹಾಕಿಕೊಂಡ. ಯಲ್ಲವ್ವ ಬೀಗವನ್ನು ಎರಡು ಸಲ ಜಗ್ಗಿ ನೋಡಿದಳು.

"ಹೂಂ, ಈಗ ಹೋಗಿ ಕೈ ಹಾಕು ತಮ್ಮಾ" ಎಂದಳು. "ನಾ ಇಲ್ಲೇ ನಿಂತಿರತೇನಿ."