ಮೊಮ್ಮಗಳು ಬರೆದ ಪೇಟಿ

ಈಗಿನ ಕಾಲದಲ್ಲಿ ಯಾವುದನ್ನೂ ತಿರುವುವಂತಿಲ್ಲ, ಎಲ್ಲವನ್ನೂ ಸವರಬೇಕು. ಫ್ಯಾನು, ರೇಡಿಯೋ, ಒಲೆ ಇವೆಲ್ಲ ಒಂದು ಕಾಲಕ್ಕೆ ಕಿವಿ ಹಿಂಡಿದರೆ ಮಾತ್ರ ಮಾತು ಕೇಳುತ್ತಿದ್ದವು. ಈಗ ಕೂಸಿನ ಗಲ್ಲದ ಮೇಲೆ ಆಡಿಸಿದಂತೆ ಮೆಲ್ಲಗೆ ಬೆರಳಾಡಿಸಬೇಕು. ಸ್ವಲ್ಪ ಜೋರು ಮಾಡಿದರೆ ಮುನಿಸಿಕೊಂಡು ಕೂಡುತ್ತವೆ. ಜೀವನವಿಡೀ ರೊಟ್ಟಿ ಬಡಿದ ನನ್ನ ಬೆರಳುಗಳಿಗೆ ಈ ನಾಜೂಕು ಎಲ್ಲಿಂದ ಬರಬೇಕು ಹೇಳಿರಿ.

ಇಷ್ಟೆಲ್ಲ ಪೀಠಿಕೆ ಹಾಕುತ್ತಿರುವುದು ಮೊಮ್ಮಗಳ ವಿಷಯಕ್ಕೆ ಬರುವುದಕ್ಕೇ ಎಂದು ನಿಮಗೆ ಗೊತ್ತಾಗಿರಬಹುದು. ನಮ್ಮ ರಾಮತೀರ್ಥ ನಗರದಲ್ಲಂತೂ ಎಲ್ಲರಿಗೂ ಗೊತ್ತು. ಸಂಜೆ ನಾನು ಅಡ್ಯಾಡಲು ಹೊರಟರೆ ಎದುರಿನವರು ಓಣಿ ಬದಲಿಸುವುದನ್ನೂ ಕಂಡಿದ್ದೇನೆ. ಕಂಡರೂ ಕರೆದು ನಿಲ್ಲಿಸುತ್ತೇನೆ. ನನ್ನ ಮೊಮ್ಮಗಳು ಅಕ್ಷತಾ ಸಿಂಥಸೈಜರಿನ ಮುಖ ಬರೆಯುತ್ತಾಳೆ! ಸಿಂಥಸೈಜರ್ ಎಂದರೆ ಕಂಪ್ಯೂಟರಿನ ಹೊಟ್ಟೆಯಲ್ಲೇ ನಾದ ಹುಟ್ಟಿಸುವ ವಾದ್ಯ. ಅದಕ್ಕೆ ಕಟ್ಟಿಗೆಯಿಲ್ಲ, ತಂತಿಯಿಲ್ಲ, ತೊಗಲಿಲ್ಲ. ಪರದೆಯ ಮೇಲೆ ಒಂದು ಚಿತ್ರ ಮಾತ್ರ. ಆ ಚಿತ್ರದಲ್ಲಿ ಯಾವ ಗುಂಡಿ ಎಲ್ಲಿರಬೇಕು, ಬಾರಿಸುವವರ ಬೆರಳಿಗೆ ಏನು ಮೊದಲು ಸಿಗಬೇಕು ಎಂದು ತೀರ್ಮಾನಿಸುವುದು ಇವಳ ಕೆಲಸ. ಇಷ್ಟನ್ನು ತಿಳಿಯಲು ನಾಲ್ಕನೇತ್ತೆಗೆ ಸಾಲಿ ಬಿಟ್ಟ ನನಗೆ ಒಂದು ಬೇಸಿಗೆ ಹಿಡಿಯಿತು. ತಿಳಿದದ್ದನ್ನು ಹಂಚುವುದಕ್ಕೆ ಮಾತ್ರ ಹೊತ್ತು ಹಿಡಿಯಲಿಲ್ಲ.

ಹೋದ ತಿಂಗಳು ಅವಳು ಹೊಸದೊಂದು ಪೇಟಿ ಬರೆಯತೊಡಗಿದಳು. ಹಾರ್ಮೋನಿಯಮ್ಮಿಗೆ ನಮ್ಮ ಕಡೆ ಪೇಟಿ ಎನ್ನುತ್ತೇವೆ. ಬರೆಸಿದವಳು ನಾನೇ, ಖಾನಾಪುರದ ಶಾಂತಕ್ಕನಿಗಾಗಿ. ಶಾಂತಕ್ಕ ನನ್ನ ತವರೂರ ಗೆಳತಿ. ಅಲ್ಲಿಯ ನಮ್ಮ ಸೋಮವಾರದ ಭಜನೆಗೆ ಪೇಟಿ ನುಡಿಸುವವಳು. ಸಿಟ್ಟು ಬಂದರೆ ಮರಾಠಿಯಲ್ಲಿ ಬೈಯುತ್ತಾಳೆ, ಸಮಾಧಾನಕ್ಕೆ ಕನ್ನಡ ಇಟ್ಟುಕೊಂಡಿದ್ದಾಳೆ. ಆಕೆಯ ಎಡಭುಜ ನೋವಿನಿಂದ ಬಿಗಿದುಹೋಯಿತು; ನೆಹರು ನಗರದ ಡಾಕ್ಟರು ಇನ್ನು ತಿದಿ ಒತ್ತಬಾರದು ಅಂದರು. ಗಾಳಿ ಹಾಕದೆ ಪೇಟಿ ನುಡಿಯುವುದುಂಟೆ? ಆಕೆ ಭಜನೆಗೇ ಬರುವುದನ್ನು ಬಿಟ್ಟಳು. ನಾವೂ ಕೆಲವು ವಾರ ಬಾಯಿಗೆ ಬಂದ ಸ್ವರದಲ್ಲಿ ಹಾಡಿ, ಪರಸ್ಪರ ಮುಖ ನೋಡಿಕೊಂಡು ಎದ್ದು ಬಂದೆವು. ಎಷ್ಟೋ ಸಲ ಕರೆದ ಮೇಲೆ ಶಾಂತಕ್ಕ ಒಂದು ಮಾತು ಕೊಟ್ಟಳು. "ಒಂದ ಸೋಮವಾರ ನಿನ್ನ ಮೊಮ್ಮಗಳ ಪೇಟಿ ನೋಡ್ತೀನಿ. ಹೊಂದಲಿಲ್ಲಂದ್ರ ಮತ್ತ ಕರ್ಯಾಕ ಬರಬ್ಯಾಡ, ಗೌರವ್ವಾ."

ಅಕ್ಷತಾ ಮೊದಲು ನನಗೇ ತೋರಿಸಿದಳು. ಬೀಟೆಯ ಬಣ್ಣ, ಹಿತ್ತಾಳೆಯ ಗುಂಡಿಗಳು, ಅವುಗಳ ಮೇಲೆ ದೀಪದ ಹೊಳಪು. ಮುಟ್ಟಿದರೆ ತಣ್ಣಗೆ ಹತ್ತುತ್ತದೇನೋ ಎನ್ನುವಂತಿತ್ತು. ನಾನು ಎರಡು ಬೆರಳಿನಲ್ಲಿ ಹಿಡಿದು ತಿರುವಿದೆ, ತಿರುವಿಯೇ ತಿರುವಿದೆ.

"ತಿರುವಬ್ಯಾಡ ಆಯಿ. ಬೆರಳಿಟ್ಟು ಮ್ಯಾಲ ಸರಸು."

"ಮ್ಯಾಲ ಸರಸೂದಾದ್ರ ಗುಂಡಗ ಯಾಕ ಬರದಿ?"

"ನಿನ್ನ ಸೆರಗಿನ್ಯಾಗ ನವಲ ಅದಾವಲ್ಲ, ಅವು ಕುಣೀತಾವೇನು?"

ಇಂಥ ಬಾಯಿ ನನ್ನ ವಂಶದಲ್ಲಲ್ಲದೆ ಮತ್ತೆಲ್ಲಿ ಹುಟ್ಟೀತು! ಆದರೂ ಮರುದಿನ ನೋಡಿದರೆ ಗುಂಡಿಗಳು ಹೋಗಿ, ಶ್ರುತಿ ಹಚ್ಚಲು, ದನಿ ಏರಿಸಿ ಇಳಿಸಲು ಮಣಿ ಸರಿಸುವ ಗೆರೆಗಳಾಗಿದ್ದವು. ನಾನು ಏನೂ ಅನ್ನಲಿಲ್ಲ. ಏನೂ ಅನ್ನದಿರುವುದು ನನಗೆ ಎಷ್ಟು ಕಷ್ಟವೆಂಬುದು ಮನೆಮಂದಿಗೆಲ್ಲ ಗೊತ್ತಿದೆ.

ಸೋಮವಾರ ಇಬ್ಬರೂ ಲೋಂಡಾ ಕಡೆಯ ರೈಲು ಹಿಡಿದು ಖಾನಾಪುರದಲ್ಲಿ ಇಳಿದೆವು. ಶಾಂತಕ್ಕನ ಪಡಸಾಲೆಯಲ್ಲಿ ಹೆಂಗಸರೆಲ್ಲ ನೆರೆದಿದ್ದರು. ಅಕ್ಷತಾ ಟ್ಯಾಬ್ಲೆಟ್ಟನ್ನು ಮಣೆಯ ಮೇಲಿಟ್ಟು, ಬಾಜು ಒಂದು ಸ್ಪೀಕರ್ ಕೂಡಿಸಿ, "ನುಡಸ್ರಿ, ಶಾಂತಜ್ಜಿ" ಅಂದಳು.

ಶಾಂತಕ್ಕ ನುಡಿಸಲಿಲ್ಲ. ಯಾವ ವಾದ್ಯವೇ ಇರಲಿ, ನಮ್ಮಲ್ಲಿ ವಿಭೂತಿ ಹಚ್ಚದೆ ಮುಟ್ಟುವ ರೂಢಿಯಿಲ್ಲ. ಆಕೆ ವಿಭೂತಿಯನ್ನು ನೀರಲ್ಲಿ ತೇಯ್ದು, ಮೂರು ಬೆರಳಿಗೆ ಹಚ್ಚಿಕೊಂಡು, ಪರದೆಯ ನೆತ್ತಿಯ ಮೇಲೆ ಎಡದಿಂದ ಬಲಕ್ಕೆ ಭಕ್ತಿಯಿಂದ ಎಳೆದಳು. ಮಣಿ ಸರಿಸುವ ಗೆರೆಗಳೆಲ್ಲ ಇದ್ದದ್ದು ಸರಿಯಾಗಿ ಅಲ್ಲಿಯೇ.

ಲೋಂಡಾ ಜಂಕ್ಷನ್ನಿನಲ್ಲಿ ಎರಡು ಗಾಡಿ ಒಟ್ಟಿಗೆ ಕೂಗಿದಂತಾಯಿತು. ಒದ್ದೆ ಆರುವವರೆಗೂ ಪರದೆಗೆ ತನ್ನನ್ನು ಯಾರೋ ಮುಟ್ಟುತ್ತಿದ್ದಾರೆ ಎಂಬ ಭ್ರಮೆ; ದನಿ ಏರುತ್ತದೆ, ಇಳಿಯುತ್ತದೆ, ನಡುಗುತ್ತದೆ. ಹಿಂದೆ ಕುಳಿತಿದ್ದ ಒಬ್ಬಿಬ್ಬರು ಪ್ರಾರಂಭವಾಯಿತೆಂದು ತಿಳಿದು ಕೈಮುಗಿದರು. ಅಕ್ಷತಾ ಗಾಬರಿಯಾಗಿ ಹೆಗಲ ಮೇಲಿನ ಓಡನಿಯಿಂದ ಪರದೆಯನ್ನು ಒರೆಸಿಬಿಟ್ಟಳು.

ಗದ್ದಲ ನಿಂತಿತು.

"ಹಚ್ಚಿದ ವಿಭೂತಿ ಒರಸಿದೇನ, ತಂಗಿ?" ಶಾಂತಕ್ಕ ಮರಾಠಿಗೂ ಹೋಗದೆ, ಕನ್ನಡದಲ್ಲೇ, ತಣ್ಣಗೆ ಕೇಳಿದಳು. ನನಗೆ ಭಯವಾದದ್ದು ಆಗಲೇ. "ವಿಭೂತಿ ತಡಕೊಳ್ಳದ ವಾದ್ಯ ನನಗ್ಯಾಕ? ಒಳಗ ಹೋಗಿ ಚಹಾಕ್ಕಿಡ್ತೀನಿ, ಕುಡದು ಹೋಗ್ರಿ."

ಆಕೆ ಗೋಡೆ ಹಿಡಿದು ಎದ್ದು ಒಳಗೆ ಹೋದಳು. ಶಾಂತಕ್ಕನ ಪೇಟಿ ಹೋದರೆ ನಮ್ಮ ಸೋಮವಾರವೂ ಹೋದಂತೆ ಎಂದು ಎಲ್ಲರಿಗೂ ತಿಳಿದಿತ್ತು. ಮೊಮ್ಮಗಳ ಪರವಾಗಿ ನಾಲ್ಕು ಮಾತು ಹೇಳಬೇಕೆಂದು ನಾನು ಬಾಯಿ ತೆರೆದೆ.

"ಆಯಿ, ನೀ ಸುಮ್ಮ ಕುಂದರು," ಅಂದಳು ಅಕ್ಷತಾ. ಲ್ಯಾಪ್‌ಟಾಪ್ ತೆಗೆದು ತೊಡೆಯ ಮೇಲಿಟ್ಟುಕೊಂಡಳು. ಚುರಮುರಿ ಸೂಸಲಾ ಬಂತು, ಚಹಾ ಬಂತು, ಚಹಾ ಆರಿತು. ಅವಳು ತಲೆ ಎತ್ತಲಿಲ್ಲ. ಎತ್ತಿದಾಗ ಟ್ಯಾಬ್ಲೆಟ್ಟಿನ ಪರದೆಯ ಮೇಲಿನ ಗೆರೆಗಳೆಲ್ಲ ಕೆಳಗೆ ಬಂದು, ಬೆರಳಿಟ್ಟು ನುಡಿಸುವ ಸ್ವರದ ಮನೆಗಳ ಹಿಂದೆ ಶಿಸ್ತಾಗಿ ನಿಂತಿದ್ದವು. ನೆತ್ತಿಯಲ್ಲಿ ಬೋಳು ಪಟ್ಟಿಯೊಂದು ಉಳಿದಿತ್ತು. ಅಲ್ಲಿ ಮುಟ್ಟಿದರೂ ತೋಯಿಸಿದರೂ ವಾದ್ಯಕ್ಕೆ ಕೇಳಿಸುವುದಿಲ್ಲವಂತೆ. ಅಷ್ಟು ದಿನ ಒಂದೊಂದು ಎಳೆ ಜಾಗಕ್ಕಾಗಿ ತಲೆ ಕೆಡಿಸಿಕೊಂಡ ಹುಡುಗಿ, ಇಡೀ ಒಂದು ಪಟ್ಟಿಯನ್ನು ಏನೂ ಮಾಡದಿರುವುದಕ್ಕೇ ಬಿಟ್ಟುಕೊಟ್ಟಿದ್ದಳು.

ಅವಳೇ ಅಡುಗೆಮನೆಯ ಬಾಗಿಲಿಗೆ ಹೋಗಿ ನಿಂತಳು. "ಶಾಂತಜ್ಜಿ, ತಪ್ಪಾತ್ರಿ. ಜಾಗ ಮಾಡೀನಿ. ಬಂದು ಹಚ್ಚರಿ."

ಶಾಂತಕ್ಕ ಬಂದಳು, ಆದರೆ ನಂಬಿ ಬಂದಂತಿರಲಿಲ್ಲ. ಮತ್ತೆ ಮೂರು ಬೆರಳು ಎಳೆದು, ಕೈ ಹಿಂದಕ್ಕೆ ತೆಗೆದು ಕಾದಳು. ವಾದ್ಯ ಚಕಾರ ಎತ್ತಲಿಲ್ಲ. "ಈಗ ಶಾಣ್ಯಾ ಆತು," ಎಂದು ಅದಕ್ಕೇ ಹೇಳಿ, ಬಲಗೈಯನ್ನು ಮನೆಗಳ ಮೇಲಿಟ್ಟಳು.

ದನಿ ಬಂತು. ನಾವು ಎತ್ತಿಕೊಂಡೆವು. ಎಷ್ಟೋ ವಾರಗಳಿಂದ ದಾರಿತಪ್ಪಿದ್ದ ನಮ್ಮ ಗಂಟಲುಗಳು ಒಂದರ ಹಿಂದೊಂದು ಆ ದನಿಯ ನೆರಳಿಗೆ ಬಂದು ನಿಂತವು. ಹಾಡು ನಡುವಿಗೆ ಬಂದಾಗ ನೋಡುತ್ತೇನೆ, ತೊಡೆಯ ಮೇಲೆ ಸುಮ್ಮನಿದ್ದ ಶಾಂತಕ್ಕನ ಎಡಗೈ ಬೆರಳುಗಳು ಮೆಲ್ಲಗೆ ತೆರೆಯುತ್ತಿವೆ, ಮುಚ್ಚುತ್ತಿವೆ; ಇಲ್ಲದ ತಿದಿಗೆ ಗಾಳಿ ಹಾಕುತ್ತಿವೆ. ಅಕ್ಷತಾಳೂ ಅದನ್ನೇ ನೋಡುತ್ತಿದ್ದಳು. ಅವಳು ಪರದೆಯನ್ನು ನೋಡುತ್ತಿರಲಿಲ್ಲ. ನನಗೆ ಹಾಡಿನ ಮುಂದಿನ ಸಾಲು ಮರೆತುಹೋಯಿತು.

ಹಾಡು ಮುಗಿಯಿತು. ಹೊಗಳಿಕೆಯನ್ನು ಹೊತ್ತುಕೊಂಡು ಹೋಗಲು ನಾನು ಸೆರಗು ಸರಿಮಾಡಿಕೊಂಡು ಕುಳಿತೆ. ಶಾಂತಕ್ಕ ಕನ್ನಡಕ ತೆಗೆದು ಒರೆಸಿದಳು.

"ಇದಕ್ಕ ಉಸರ ಇಲ್ಲಲ್ಲ, ತಂಗಿ. ಹಾಡವ್ರು ದಮ್ಮ ತೊಗೊಂಡಾಗ ಪೇಟಿನೂ ತೊಗೋಬೇಕು. ಇದು ಒಂದ ಸವನ ಅಳತೈತಿ, ಹಟಮಾರಿ ಕೂಸಿನಂಗ."

ಅಕ್ಷತಾಳ ಮುಖ ಸಣ್ಣಗಾಯಿತು.

"ಮುಂದಿನ ಸೋಮವಾರದೊಳಗ ಸರಿ ಮಾಡ್ಕೊಂಡು ಬಾ," ಅಂದಳು ಶಾಂತಕ್ಕ, ಎರಡನೆಯ ಹಾಡಿಗೆ ಶ್ರುತಿ ಹಿಡಿಯುತ್ತ.