ಬಂಗಾರದ ಕೋಡಣಸು, ಬಸುರಿಯ ಮೂಗು

ಮೊನ್ನೆ ನಿಮ್ಮಲ್ಲೊಬ್ಬಳು ಪಡಸಾಲೆಯಲ್ಲಿ ಕೂತು ಉಗುರಿಗೆ ಬಣ್ಣ ಹಚ್ಚಿಕೊಳ್ಳುತ್ತಿದ್ದಾಗ ನಾನು ತಟ್ಟನೆ ಎದ್ದು ಹಿತ್ತಲಿಗೆ ಹೋದೆ. ಅಜ್ಜಿಗೆ ಸಿಟ್ಟು ಬಂತು ಎಂದು ನೀವು ಒಬ್ಬರ ಮುಖ ಒಬ್ಬರು ನೋಡಿಕೊಂಡಿರಿ. ಅದು ಸಿಟ್ಟಲ್ಲ, ನಗು. ಆ ವಾಸನೆ ಮೂಗಿಗೆ ಬಿದ್ದ ಕೂಡಲೇ ನನಗೆ ನಗು ತಡೆಯುವುದಿಲ್ಲ. ಯಾಕೆ ಎಂದು ನೀವು ಕೇಳುತ್ತೀರಿ, ಬಾಯಿಬಿಟ್ಟು ಹೇಳಲು ನನಗೆ ಈ ವಯಸ್ಸಿನಲ್ಲೂ ನಾಚಿಕೆ. ಬರೆಯುವಾಗ ಎದುರಿಗೆ ಯಾರೂ ಇರುವುದಿಲ್ಲವಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಎಪ್ಪತ್ತರ ದಶಕದ ಮಾತು. ನಾನು ಸಿಂದಗಿ ತಾಲೂಕಿನ ದೇವಣಗಾಂವ ಕಡೆಯ ಹುಡುಗಿ. ಊರ ಸಾಲಿಯಲ್ಲಿ ನಾಲ್ಕನೇ ಇಯತ್ತೆ ಮುಗಿಸಿದವಳು. ಬಸವನ ಬಾಗೇವಾಡಿಗೆ ಸೊಸೆಯಾಗಿ ಬಂದಾಗ ನನ್ನ ಬಾಯಿಂದ ಮಾತೇ ಹೊರಡುತ್ತಿರಲಿಲ್ಲ. ಅತ್ತೆ ಏನು ಕೇಳಿದರೂ ತಲೆ ಆಡಿಸುತ್ತಿದ್ದೆ. ಅವರು ಬೆನ್ನು ಮಾಡಿ ಕೂತು ಕೇಳಿದರೂ ತಲೆಯನ್ನೇ ಆಡಿಸುತ್ತಿದ್ದೆ. ಸೊಸೆಗೆ ಕಿವಿ ಕೇಳುವುದಿಲ್ಲವೇನೋ ಎಂದು ಅವರು ಸ್ವಲ್ಪ ಕಾಲ ಚಿಂತೆ ಮಾಡಿದರಂತೆ.

ನಿಮ್ಮ ಅಜ್ಜ ಆಗ ಇಂಡಿ ಪಟ್ಟಣದಲ್ಲಿ ಸೋದರಮಾವನ ಅಡತಿ ಅಂಗಡಿಯಲ್ಲಿ ಜೋಳ ತೂಗುತ್ತಿದ್ದರು. ಹದಿನೈದು ದಿನಕ್ಕೊಮ್ಮೆ ಮನೆಗೆ ಬರುವವರು, ಬಂದ ಮರುದಿನವೇ ಹೊರಡುವವರು. ಆ ಸೋದರಮಾವ ಕೆಟ್ಟವರೇನಲ್ಲ. ಆದರೆ ಬಂದ ಗಿರಾಕಿಗಳೆದುರು ಅಳಿಯನನ್ನು ಕರೆದು ತಮ್ಮ ಕಾಲೊತ್ತಿಸಿಕೊಳ್ಳುವುದು ಅವರಿಗೆ ಬಹಳ ಸೇರುತ್ತಿತ್ತು. ಒಂದು ದಿನ ನಿಮ್ಮ ಅಜ್ಜ ಆ ಕಾಲನ್ನು ಕೆಳಗಿಟ್ಟು, ಬಸ್ಸು ಹತ್ತಿ ಬಂದುಬಿಟ್ಟರು. ಬರುವಾಗ ತಲೆಯಲ್ಲಿ ಒಂದು ವಿಚಾರ ಹೊತ್ತು ತಂದಿದ್ದರು.

ಎತ್ತಿನ ಕೋಡಿನ ತುದಿಗೆ ಹಿತ್ತಾಳೆಯ ಟೊಪ್ಪಿಗೆ ಹಾಕುತ್ತಾರಲ್ಲ, ಕೋಡಣಸು, ಅದನ್ನು ಸೊಲ್ಲಾಪುರದ ಕಡೆ ಪ್ಲಾಸ್ಟಿಕ್ಕಿನಲ್ಲಿ ಮಾಡತೊಡಗಿದ್ದರು. ಹಿತ್ತಾಳೆ ಕೊಳ್ಳಲಾಗದವರಿಗೆ ಅದೇ ಅನುಕೂಲ. ಆದರೆ ಅವು ಬಿಳಿ. ಬಿಳಿ ಟೊಪ್ಪಿಗೆ ಹಾಕಿಕೊಂಡ ಎತ್ತು ಮುನಿಸಿಪಾಲ್ಟಿ ಜವಾನನಂತೆ ಕಾಣುತ್ತದೆ, ಯಾರು ಕೊಳ್ಳುತ್ತಾರೆ ಎಂದು ನಿಮ್ಮ ಅಜ್ಜ ಹೇಳುತ್ತಿದ್ದರು. ಅದಕ್ಕೆ ಬಂಗಾರದ ಬಣ್ಣ ಹೊಡೆದರೆ ಹಿತ್ತಾಳೆಯೇ. ಮನಗೂಳಿಯ ಒಬ್ಬ ವ್ಯಾಪಾರಿ, ಎತ್ತುಗಳನ್ನು ಸಿಂಗರಿಸುವ ಕಾರಹುಣ್ಣಿಮೆಯ ಮೊದಲು ಕೊಟ್ಟರೆ ಎಲ್ಲವನ್ನೂ ಒಯ್ಯುತ್ತೇನೆ ಎಂದು ಮಾತು ಕೊಟ್ಟ. ಹುಣ್ಣಿಮೆ ದಾಟಿದರೆ ಅವನ್ನು ಎತ್ತೂ ಮೂಸಿ ನೋಡುವುದಿಲ್ಲ. ಅಂಗಡಿಯಲ್ಲಿ ನಿನ್ನ ತಕ್ಕಡಿ ಹಾಗೇ ಖಾಲಿ ಇದೆ ಎಂದು ಇಂಡಿಯ ಮಾವ ಬಂದವರ ಕೈಯಲ್ಲೆಲ್ಲ ಹೇಳಿ ಕಳಿಸುತ್ತಲೇ ಇದ್ದರು. ನಿಮ್ಮ ಅಜ್ಜ ಮತ್ತೆ ಅಲ್ಲಿಗೆ ಹೋಗಬಾರದು ಎಂದು ನನಗಿತ್ತು. ಯಾಕೆ ಎಂದು ಕೇಳಬೇಡಿ.

ಹಿತ್ತಲಲ್ಲಿ ತಗಡಿನ ಶೆಡ್ಡು ಎದ್ದಿತು. ಗಾಳಿ ತುಂಬುವ ಹಳೆಯ ಮಷೀನು, ಅದಕ್ಕೊಂದು ರಬ್ಬರಿನ ಕೊಳವೆ, ಕೊಳವೆಯ ತುದಿಗೆ ಬಣ್ಣದ ಗನ್ನು. ಮಷೀನು ಹಚ್ಚಿದರೆ ಕೋಣೆಯಲ್ಲಿದ್ದ ಕಂಚಿನ ಗಂಗಾಳಗಳು ನಡುಗುತ್ತಿದ್ದವು. ಕೋಡಣಸಿಗೆ ಹೊಡೆದ ಬಣ್ಣದಲ್ಲಿ ಅರ್ಧ ಕೋಡಣಸಿಗೆ, ಇನ್ನರ್ಧ ಓಣಿಗೆ. ನಮ್ಮ ಕರಿ ಆಡಿನ ಗಡ್ಡ ಬಂಗಾರವಾಯಿತು. ನಿಮ್ಮ ಅಜ್ಜನ ಹುಬ್ಬು ಬಂಗಾರವಾಯಿತು. ಬಾಜೂ ಮನೆಯ ಹುಂಜ ಒಂದು ಬದಿಯ ಪುಕ್ಕ ಮಾತ್ರ ಬಂಗಾರವಾದದ್ದಕ್ಕೇ ಸೊಕ್ಕಿ, ಕೋಳಿಗಳಿಗೆ ಆ ಬದಿಯನ್ನೇ ತೋರಿಸುತ್ತ ತಿರುಗಿತು. ಬಣ್ಣವನ್ನಾದರೂ ಒರೆಸಬಹುದು, ನಾತವನ್ನು ಹೇಗೆ ಒರೆಸುವುದು? ಬಣ್ಣ ತೆಳುವಾಗಲಿ ಎಂದು ಸುರಿಯುತ್ತಿದ್ದ ಥಿನ್ನರಿನ ನಾತ, ನಿಮ್ಮ ಉಗುರುಬಣ್ಣದಲ್ಲಿ ಬರುವುದೂ ಅದೇ, ರೊಟ್ಟಿಯಲ್ಲಿ, ಮಜ್ಜಿಗೆಯಲ್ಲಿ, ಹೊದೆಯುವ ಕೌದಿಯಲ್ಲಿ ಸೇರಿತು.

ಆ ಬಾಜೂ ಮನೆ, ನಾವೆಲ್ಲ ಚಾಚಿ ಎನ್ನುತ್ತಿದ್ದ ಹಿರಿಯ ಹೆಂಗಸಿನದು. ನಮಗೂ ಅವರಿಗೂ ನಡುವೆ ಒಂದೇ ಗೋಡೆ. ಎಷ್ಟೋ ತಲೆಮಾರಿನಿಂದ ಅದರ ಮೇಲಿಂದ ಪಲ್ಯ, ಕೆಂಡ, ಬೈಗುಳ ಎಲ್ಲ ಆಚೆ ಈಚೆ ಹೋಗಿಬಂದಿವೆ. ಚಾಚಿಯ ಕಿರಿಮಗಳ ಮದುವೆ ಗೊತ್ತಾಗಿತ್ತು. ಬೇಸಿಗೆಯೆಂದರೆ ಓಣಿಯ ಹೆಂಗಸರೆಲ್ಲ ಶ್ಯಾವಿಗೆ ಹೊಸೆದು, ಉದ್ದನೆಯ ಕೋಲಿಗೆ ಹಾಕಿ, ಮಾಳಿಗೆಯ ಮೇಲೆ ಒಣಗಿಸುವ ಕಾಲ. ಚಾಚಿ ಬೀಗರ ಊಟಕ್ಕೆಂದು ಕೂದಲೆಳೆಯಷ್ಟು ಸಣ್ಣಗೆ ಹೊಸೆದಿದ್ದರು. ಕಾರಹುಣ್ಣಿಮೆಗೆ ಬಣ್ಣ ಹೊಡೆಯುವ ಕಾಲವೂ ಅದೇ ಎಂದು ನಿಮ್ಮ ಅಜ್ಜನಿಗೆ ಹೊಳೆದಿರಲಿಲ್ಲ. ಗಂಡಸರಿಗೆ ಶ್ಯಾವಿಗೆ ತಟ್ಟೆಯಲ್ಲಿ ಹುಟ್ಟುತ್ತದೆ.

ಒಂದು ಮಧ್ಯಾಹ್ನ ಚಾಚಿ ಒಂದು ಕೋಲು ಶ್ಯಾವಿಗೆಯನ್ನು ಹಾಗೇ ಎತ್ತಿ ಹಿಡಿದು ನಮ್ಮ ಅಂಗಳಕ್ಕೆ ಬಂದರು. ಬಿಸಿಲಿಗೆ ಅದು ಜರಿಯಂತೆ ಹೊಳೆಯುತ್ತಿತ್ತು.

"ಏನೋ ತಮ್ಮಾ," ಅಂದರು, "ನನ್ನ ಬೀಗರೇನು ಎತ್ತು ಅಂತ ಮಾಡಿಯೇನು, ಅವರ ಊಟಕ್ಕೂ ಬಣ್ಣ ಹೊಡದೀ?"

ನಿಮ್ಮ ಅಜ್ಜ ಹೊಸ ಶ್ಯಾವಿಗೆ ಹೊಸೆಸಿ ಕೊಡುತ್ತೇನೆ ಎಂದರು. ಹೊಸೆಯುವವರು ಯಾರು, ನೀನೇನು ಎಂದು ಚಾಚಿ ಕೇಳಿದರು. ಅತ್ತೆ ಮಗನ ಪರವಾಗಿ ನಾಲ್ಕು ಮಾತಾಡಿದರು, ಆಮೇಲೆ ತಮ್ಮ ಮಾಳಿಗೆಯ ಮೇಲಿದ್ದ ಶ್ಯಾವಿಗೆ ನೆನಪಾಗಿ ಅದನ್ನು ನೋಡಲು ಮೆಟ್ಟಿಲೇರಿದರು. ಮಾತಿಗೆ ಮಾತು ಬೆಳೆದು, ಶೆಡ್ಡು ಬಂದ್ ಆಗಬೇಕು ಎಂದು ಓಣಿಯ ಹೆಂಗಸರೆಲ್ಲ ಹಟ ಹಿಡಿದರು.

ಗಾಳಿಗೂ ಕಾಯ್ದೆ ಇರುತ್ತದೆ ಎಂದು ನಮಗಾಗ ಗೊತ್ತಿರಲಿಲ್ಲ. ಸರಕಾರ ಇನ್ನೂ ಕೈ ಹಾಕದ ವಸ್ತು ಅದೊಂದೇ ಎಂದು ತಿಳಿದಿದ್ದೆವು. ಹಾಗಾಗಿ ನ್ಯಾಯ ಓಣಿಯ ಹಿರಿಯರ ಬಳಿಗೆ ಹೋಯಿತು. ಅವರನ್ನು ಎಲ್ಲರೂ ಕಾಕಾ ಅನ್ನುತ್ತಿದ್ದರು. ಕಾಕಾ ನಮ್ಮ ಹಿತ್ತಲಿಗೆ ಬಂದು ಹೊರಸಿನ ಮೇಲೆ ಕೂತು, ಮಷೀನು ಹಚ್ಚಿಸಿ, ಒಬ್ಬೊಬ್ಬರನ್ನೇ ಕೇಳಿದರು. ನಿಮ್ಮ ಅಜ್ಜ ನನಗೇನೂ ನಾತ ಬರುವುದಿಲ್ಲ ಎಂದರು. ಅತ್ತೆ ಬರುತ್ತದೆ, ಆದರೆ ಮಲ್ಲಿಗೆಯದು ಎಂದರು. ಓಣಿಯ ಹೆಂಗಸರು ಸತ್ತೇ ಹೋಗುತ್ತೇವೆ ಎಂದರು, ಸಾಯುವವರ ಹಾಗೆ ಯಾರೂ ಕಾಣಲಿಲ್ಲ. ಕಾಕಾ ತಾವೇ ಮೂಗೇರಿಸಿ ನೋಡಿದರು. ವಯಸ್ಸಾಗಿತ್ತು, ಅವರ ಮೂಗು ಯಾವ ಕಡೆಗೂ ಸಾಕ್ಷಿ ಹೇಳಲಿಲ್ಲ.

ನಾನು ಚಹಾದ ತಾಟು ಹಿಡಿದು ಬಾಗಿಲ ಮರೆಯಲ್ಲಿ ನಿಂತಿದ್ದೆ. ಗಾಳಿ ತಿರುಗಿತು. ಹೊಟ್ಟೆಯೊಳಗಿಂದ ಏನೋ ಎದ್ದು ಬಂತು. ತಾಟು ಕೆಳಗಿಟ್ಟು ಬಚ್ಚಲಿನ ಕಡೆ ಓಡಿದೆ, ಬಚ್ಚಲು ಸಿಗಲಿಲ್ಲ. ಅಷ್ಟು ಮಂದಿಯ ಎದುರು, ಹಿತ್ತಲ ನಡುವೆ, ತಿಂದದ್ದೆಲ್ಲ ಹೋಯಿತು.

ಚಾಚಿ ಬಂದು ನನ್ನ ಹಣೆ ಹಿಡಿದರು, ಮುಖ ನೋಡಿದರು, ಕೈಯಲ್ಲಿದ್ದ ಜಗಳ ಅಲ್ಲೇ ಬಿಟ್ಟರು.

"ಎಷ್ಟ ತಿಂಗಳಾತ ಯವ್ವಾ?"

ನಾನು ಯಾರಿಗೂ ಹೇಳಿರಲಿಲ್ಲ. ತವರಿಗೆ ಹೋದಾಗ ಅವ್ವನ ಕಿವಿಯಲ್ಲಿ ಹೇಳಬೇಕು ಎಂದುಕೊಂಡಿದ್ದೆ. ಅತ್ತೆಗೆ ಗೊತ್ತಿರಲಿಲ್ಲ, ನಿಮ್ಮ ಅಜ್ಜನಿಗಂತೂ ಇಲ್ಲವೇ ಇಲ್ಲ. ಅವರು ಬಾಯಿ ತೆರೆದು ನಿಂತರು, ಗನ್ನಿನ ಮೇಲಿನ ಬೆರಳು ತೆಗೆಯುವುದು ಮರೆತಿತ್ತು. ಬಣ್ಣ ಮೇಲಕ್ಕೆ ಹಾರಿ ಅವರ ಮೇಲೆಯೇ ಬೀಳುತ್ತಿತ್ತು. ನಿಮ್ಮ ಅಪ್ಪ ಬರುವ ಸುದ್ದಿಯನ್ನು ನಿಮ್ಮ ಅಜ್ಜ ಹೀಗೆ ಬಂಗಾರದ ಮಳೆಯಲ್ಲಿ ನೆನೆಯುತ್ತ ಕೇಳಿದರು.

ಕಾಕಾ ಗಡ್ಡ ಕೆರೆದುಕೊಂಡು ತೀರ್ಪು ಕೊಟ್ಟರು. "ನಿಮ್ಮ ನಿಮ್ಮ ಮೂಗು ನಿಮ್ಮ ನಿಮ್ಮ ಕಡೀನ ಮಾತಾಡಾಕತ್ತಾವು. ಈ ಹುಡುಗಿ ಹೊಟ್ಟಿ ಯಾರ ಕಡೀನೂ ಇಲ್ಲ. ಮುಂದಿನ ಸಂತಿ ದಿನ ಬರ್ತೇನಿ. ಮಷೀನ್ ಹಚ್ಚಿ ಇಕಿನ್ನ ಬಾಜೂಕ ನಿಂದ್ರಸ್ರಿ. ವಾಂತಿ ಆತಂದ್ರ ಶೆಡ್ಡ ಬಂದ್. ಆಗ್ಲಿಲ್ಲಂದ್ರ ಇರ್ಲಿ."

ಅಂದಿನಿಂದ ನನ್ನ ಹೊಟ್ಟೆ ಊರ ಹೊಟ್ಟೆಯಾಯಿತು. ಅತ್ತೆ ಜೀರಿಗೆ ನೀರು, ಹುಣಸೆಹಣ್ಣಿನ ಚಿಗಳಿ, ನಿಂಬೆಹಣ್ಣು ಎಂದು ತಂದು ತಂದು ಕೊಟ್ಟರು. ಸೊಸೆಗಾಗಿಯೋ ಶೆಡ್ಡಿಗಾಗಿಯೋ ಅವರೇ ಬಲ್ಲರು. ಚಾಚಿ ಗೋಡೆಯ ಮೇಲಿಂದ ತುಪ್ಪದಲ್ಲಿ ಕರಿದ ಸಿಹಿ ಕಳಿಸಿದರು. ವಾಂತಿ ಮಾಡಿಸಲು ಹೂಡಿದ ಹುನ್ನಾರ ಇದು ಎಂದು ಅತ್ತೆ ಅದನ್ನು ನನ್ನ ಕೈಗೆ ಕೊಡಲೇ ಇಲ್ಲ. ಚೆಲ್ಲಿದರೆ ಅನ್ನಕ್ಕೆ ಅವಮಾನ ಎಂದು ಒಬ್ಬರೇ ಕೂತು ಅಷ್ಟನ್ನೂ ಮುಗಿಸಿದರು. ಮರುದಿನವೂ ಬಂತು, ಮರುದಿನವೂ ಹುನ್ನಾರ ಎಂದರು.

ನಿಮ್ಮ ಅಜ್ಜ ನನ್ನನ್ನು ಶೆಡ್ಡಿಗೆ ಕರೆದರು. ಆಗೆಲ್ಲ ಹಗಲು ಹೊತ್ತಿನಲ್ಲಿ ಗಂಡ ಹೆಂಡತಿ ಮಾತಾಡುವ ಪದ್ಧತಿ ಇರಲಿಲ್ಲ. ಅವರು ಕೋಡಣಸಿನ ಚೀಲ ನೋಡುತ್ತ, ನಾತ ಎಲ್ಲಿಂದ ಬರುತ್ತದೆ ನೋಡಿ ಹೇಳು ಎಂದರು. ಹೇಳುವುದು ನನ್ನಿಂದಾಗದು. ಸೆರಗನ್ನು ಮೂಗಿಗೆ ಹಿಡಿದು, ಒಂದೊಂದರ ಹತ್ತಿರ ಹೋಗಿ ಸೆರಗು ಸರಿಸಿ, ಹೊಟ್ಟೆ ತಿರುಗಿದ ಕಡೆ ಬೆರಳು ಮಾಡಿದೆ. ಗನ್ನಿಗಿಂತ ಹೆಚ್ಚು ನಾತ ಬರುತ್ತಿದ್ದದ್ದು ಅದನ್ನು ತೊಳೆಯಲು ಬಾಯಿ ತೆರೆದೇ ಇಟ್ಟಿದ್ದ ಥಿನ್ನರಿನ ಬಕೆಟ್ಟಿನಿಂದ, ಮೂಲೆಯಲ್ಲಿ ರಾಶಿ ಬಿದ್ದಿದ್ದ ಒರೆಸಿದ ಅರಿವೆಯಿಂದ. ಅವರು ಬಕೆಟ್ಟಿಗೆ ಮುಚ್ಚಳ ಹಾಕಿದರು, ಅರಿವೆಗಳನ್ನು ಡಬ್ಬಿಯಲ್ಲಿ ತುಂಬಿ ಬಾಯಿ ಬಿಗಿದರು. ಮರುದಿನ ಓಣಿಯ ಕಡೆಯ ಬಾಗಿಲಿಗೆ ಬೆರಳು ಮಾಡಿದೆ. ಅದನ್ನು ಮುಚ್ಚಿ ಹೊಲದ ಕಡೆ ತಗಡು ಕೊರೆದರು. ಇನ್ನು ಉಳಿದದ್ದು ಹಾರುವ ಬಣ್ಣ. ನಮ್ಮೂರಲ್ಲಿ ಬೇಸಿಗೆಯಲ್ಲಿ ಧೂಳು ಒಳಗೆ ಬರಬಾರದೆಂದು ಬಾಗಿಲಿಗೆ ಗೋಣಿತಟ್ಟು ನೆನೆಸಿ ಕಟ್ಟುತ್ತಿದ್ದೆವು. ಒಂದು ತಟ್ಟು ನೆನೆಸಿ ತಂದು ಕೋಡಣಸಿನ ಹಿಂದೆ ಇಳಿಬಿಟ್ಟೆ. ಕೋಡಣಸು ತಪ್ಪಿಸಿಕೊಂಡ ಬಣ್ಣವೆಲ್ಲ ಅದಕ್ಕೆ ಹೋಗಿ ಅಂಟಿತು. ನಿಮ್ಮ ಅಜ್ಜ ಮೊದಲ ಸಲ ಹಗಲಲ್ಲಿ ನನ್ನ ಮುಖ ನೋಡಿ ನಕ್ಕರು. ನಮ್ಮ ಸಂಸಾರದ ಮೊದಲ ಉದ್ದನೆಯ ಮಾತುಕತೆ ಅದೇ. ಅದರಲ್ಲಿ ಅವರ ಪಾಲು ಮಾತು, ನನ್ನ ಪಾಲು ಬೆರಳು ಮತ್ತು ವಾಕರಿಕೆ.

ಸಂತೆಯ ದಿನ ಮಾಳಿಗೆಗಳ ತುಂಬ ಮಂದಿ. ಅವರೆಲ್ಲ ನೋಡಲು ಬಂದದ್ದು ನನ್ನ ವಾಂತಿಯನ್ನು. ನೆಲ ಸೀಳಬಾರದೆ ಅನ್ನಿಸಿತು. ಕಾಕಾ ಮುದ್ದೇಬಿಹಾಳದಲ್ಲಿ ಒಂದು ಮದುವೆ ಮುಗಿಸಿಕೊಂಡು ಬಸ್ಸಿಳಿದು ನೇರ ಬಂದಿದ್ದರು. ರುಮಾಲು ಹೊಸದು, ಅಂಗಿ ಹೊಸದು. ಮಷೀನು ಹಚ್ಚಿದರು. ನಿಮ್ಮ ಅಜ್ಜ ಗನ್ನು ಎತ್ತಿ ಮೊದಲ ಕೋಡಣಸಿಗೆ ಗುರಿಯಿಟ್ಟರು. ನಾನು ಶೆಡ್ಡಿನ ಬಾಜೂಕೆ ನಿಂತೆ. ಗೋಣಿತಟ್ಟಿನ ಹಸಿ ವಾಸನೆ ಬಿಟ್ಟರೆ ಏನೂ ಇರಲಿಲ್ಲ. ಹೊಟ್ಟೆ ಮಗುವಿನಂತೆ ಸುಮ್ಮನೆ ಮಲಗಿತ್ತು.

ಆಗ ಕಾಕಾ ಎದ್ದು ಬಂದು, ಅಂತಃಕರಣದಿಂದ ನನ್ನ ಕಡೆ ಬಾಗಿ, ಹೇಗನಿಸುತ್ತದೆ ಎಂದು ಕೇಳಿದರು. ಅಷ್ಟೇ. ನಾನು ಅವರ ಹೊಸ ಚಪ್ಪಲಿಯ ಮೇಲೆಯೇ ವಾಂತಿ ಮಾಡಿಕೊಂಡೆ.

ಮಾಳಿಗೆಗಳ ಮೇಲೆ ಹೋ ಎಂದು ಗದ್ದಲವೆದ್ದಿತು. ನಿಮ್ಮ ಅಜ್ಜ ಗನ್ನು ಕೆಳಗಿಟ್ಟು ಕೋಡಣಸಿನ ಚೀಲದ ಮೇಲೆ ಕುಸಿದರು. ಅವರ ಮುಖದಲ್ಲಿ ನನಗೆ ಇಂಡಿಗೆ ಹೋಗುವ ಬಸ್ಸು ಕಾಣಿಸಿತು. ಹೇಳಬೇಕು ಎಂದು ಬಾಯಿ ತೆರೆದೆ, ದನಿ ಬರಲಿಲ್ಲ. ಕಡೆಗೆ, ಸೊಸೆಯಾದವಳು ಮಾಡಬಾರದ್ದನ್ನು ಮಾಡಿದೆ. ಇಡೀ ಓಣಿಯ ಎದುರು ಕೈ ಎತ್ತಿ ಕಾಕಾನ ಕಡೆಗೆ ಬೆರಳು ಮಾಡಿದೆ.

ಅತ್ತೆ ಹಣೆ ಬಡಿದುಕೊಂಡರು. ಕಾಕಾ ಹಿಂದೆ ತಿರುಗಿ ನೋಡಿದರು, ಹಿಂದೆ ಯಾರೂ ಇರಲಿಲ್ಲ. ಚಾಚಿ ಮಾತ್ರ ನನ್ನ ಬೆರಳು ಹೋದ ದಾರಿಯಲ್ಲೇ ಹೋಗಿ, ಕಾಕಾನ ಹತ್ತಿರ ನಿಂತು ಎರಡು ಸಲ ಮೂಸಿದರು. ಕಾಕಾನ ಕಿವಿಯಲ್ಲಿ ಮದುವೆ ಮನೆಯವರು ಇಟ್ಟ ಅತ್ತರಿನ ಅರಳೆ ಇತ್ತು.

"ಕಾಕಾ, ತಪ್ಪ ತಿಳೀಬ್ಯಾಡ್ರಿ," ಅಂದರು ಚಾಚಿ. "ಈ ನಾತ ಶೆಡ್ಡಿಂದಲ್ಲ, ನಿಮ್ದು."

ಶೆಡ್ಡು ಮುಚ್ಚಬೇಕೆಂದು ಎಲ್ಲರಿಗಿಂತ ಮೊದಲು ಎದ್ದವರು ಅವರೇ. ಸುಮ್ಮನಿದ್ದಿದ್ದರೆ ಗೆಲುವು ಅವರದೇ ಇತ್ತು. ಸುಮ್ಮನಿರುವುದು ಅವರಿಗೆ ಯಾವತ್ತೂ ಬರಲಿಲ್ಲ.

ಕಾಕಾ ಒಪ್ಪಲಿಲ್ಲ. ಕನೋಜದಿಂದ ತರಿಸಿದ ಅತ್ತರು ಎಂದರು. ಆದರೂ ನ್ಯಾಯಕ್ಕೆ ಕೂತವರು, ತಾವೇ ಬೇವಿನ ಮರದ ಆಚೆಗೆ ಹೋಗಿ ನಿಂತರು. ಮತ್ತೆ ಮಷೀನು ಹಚ್ಚಿದರು. ಒಂದು ಬುಟ್ಟಿ ರೊಟ್ಟಿ ಬಡಿಯುವಷ್ಟು ಹೊತ್ತು ನಿಂತೆ. ಏನೂ ಆಗಲಿಲ್ಲ. ನೋಡಿದಿರಾ, ಈಗ ನಾನು ಬಂದರೂ ಏನೂ ಆಗುವುದಿಲ್ಲ ಎಂದು ಕಾಕಾ ನಗುತ್ತ ಬಂದರು. ಅವರು ಹೊರಸಿನ ಹತ್ತಿರ ಬರುವುದರೊಳಗೆ ನಾನು ಬಚ್ಚಲಿನ ಕಡೆ ಓಡಿದ್ದೆ. ಈ ಸಲ ಬಚ್ಚಲು ಸಿಕ್ಕಿತು. ಕಾಕಾ ಅರಳೆಯನ್ನು ಕಿವಿಯಿಂದ ತೆಗೆದು, ಸ್ವಲ್ಪ ಹೊತ್ತು ನೋಡಿ, ಗೋಡೆಯ ಆಚೆಗೆ ಎಸೆದರು. ನಮ್ಮ ಓಣಿಯ ಗಾಳಿ ಕೆಡಿಸಿದ್ದಕ್ಕೆ ಮೊದಲು ಬಂದ್ ಆದದ್ದು ನ್ಯಾಯಾಧೀಶರ ಅತ್ತರು.

ಶೆಡ್ಡು ಉಳಿಯಿತು. ಚಾಚಿ ಕರಾರು ಹಾಕಿದರು. ಮಾಳಿಗೆಯ ಮೇಲೆ ಶ್ಯಾವಿಗೆ ಇರುವಷ್ಟು ಹೊತ್ತು ಗನ್ನು ಮುಟ್ಟಬಾರದು, ತಟ್ಟು ಒಣಗಿದರೆ ಕೆಲಸ ನಿಲ್ಲಬೇಕು. ಕಾಕಾ ಇನ್ನೊಂದು ಸೇರಿಸಿದರು. ಸೊಸೆಗೆ ವಾಂತಿ ಇರುವತನಕ ಪ್ರತಿ ಸಲ ಮಷೀನು ಹಚ್ಚುವಾಗ ಅವಳು ಬಂದು ನಿಂತು ನೋಡಬೇಕು, ಅವಳು ಸೆರಗು ಮೂಗಿಗೆ ಹಿಡಿದರೆ ಮಷೀನು ಬಂದ್. ಮಾತಾಡಲು ಬಾರದ ನಾನು ಓಣಿಗೆಲ್ಲ ಸಾಹೇಬಳಾದೆ.

ಅವತ್ತು ಸಂಜೆ ಅತ್ತೆ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದರು, ನಾನು ಹಿಂದೆ ಹಿಟ್ಟು ನಾದುತ್ತಿದ್ದೆ. ನಿಮ್ಮ ಅಜ್ಜ ಬಂದು ಬಾಗಿಲ ಚೌಕಟ್ಟು ಕೆರೆಯುತ್ತ ನಿಂತರು. ಏನೋ ಲೋಕಾಭಿರಾಮವಾಗಿ ಕೇಳುವವರಂತೆ, ಈ ಹೆಂಗಸರಿಗೆ ವಾಂತಿ ಅನ್ನೋದು ಸಾಧಾರಣ ಎಷ್ಟು ದಿನ ಇರುತ್ತದೆ, ಕಾರಹುಣ್ಣಿಮೆಯ ಒಳಗೆ ನಿಲ್ಲಬಹುದೇ ಎಂದು ತಾಯಿಯನ್ನು ಕೇಳಿದರು.

ಅತ್ತೆ ಹೆಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿದರು.

"ನೀ ಹೊಟ್ಯಾಗಿದ್ದಾಗ," ಅಂದರು, "ನನಗ ಹಡೆಯೂತನಕ ಇತ್ತು."

ನಿಮ್ಮ ಅಜ್ಜ ಚೌಕಟ್ಟು ಕೆರೆಯುವುದು ಬಿಟ್ಟರು. ಆಮೇಲೆ ಪಡಸಾಲೆಗೆ ಹೋಗಿ, ಜೋಳದ ಚೀಲಗಳ ಮೇಲೆ ಹೊದಿಸಿದ್ದ ಗೋಣಿತಟ್ಟುಗಳನ್ನೆಲ್ಲ ಒಂದೊಂದಾಗಿ ಎಳೆದು ಹೆಗಲಿಗೆ ಹಾಕಿಕೊಂಡು, ನೆನೆಸಲು ಬಾವಿಯ ಕಡೆ ನಡೆದರು.