ಹ ಇಲ್ಲದ ಊರಿನ ಹುಡುಗಿ

ನಾನು ಚಿಕ್ಕವಳಿದ್ದಾಗ ನಮ್ಮೂರು ಶಾಗ್ಯದಲ್ಲಿ ಯಾರ ನಾಲಿಗೆಯ ಮೇಲೂ ‘ಹ’ ನಿಲ್ಲುತ್ತಿರಲಿಲ್ಲ. ಹಾಲು ಆಲಾಗುತ್ತಿತ್ತು, ಹನೂರು ಅನೂರಾಗುತ್ತಿತ್ತು. ಅದರಿಂದ ಹಾಲೇನೂ ಒಡೆಯುತ್ತಿರಲಿಲ್ಲ, ಬಸ್ಸೂ ತಪ್ಪುತ್ತಿರಲಿಲ್ಲ.

ಕೊಳ್ಳೇಗಾಲದಲ್ಲಿ ಶಾಲೆಗೆ ಸೇರಿದ ವರ್ಷ, ವಾರ್ಷಿಕೋತ್ಸವದ ಅತಿಥಿಗೆ ಇಂಗ್ಲಿಷಿನಲ್ಲಿ ಸ್ವಾಗತ ಹೇಳಲು ಮೇಷ್ಟ್ರು ನನ್ನನ್ನು ಆರಿಸಿದರು. ಒಂದೇ ಸಾಲು: ನೀವು ಬಂದದ್ದು ನಮಗೆ ಗೌರವ ಎಂದು. ಗೌರವಕ್ಕೆ ಇಂಗ್ಲಿಷಿನಲ್ಲಿ ‘ಆನರ್’. ಬರೆಯುವಾಗ ಮೊದಲಿಗೆ ಎಚ್ ಅಕ್ಷರ ಬರುತ್ತದೆ, ಬಾಯಲ್ಲಿ ಮಾತ್ರ ಅದು ಹೊರಡುವುದಿಲ್ಲ. ನನಗದೇನು ಗೊತ್ತು? ನನ್ನ ಬಾಯಿಗೆ ಹೇಗೂ ‘ಹ’ ಬಾರದು, “ಇಟ್ ಈಸ್ ಆ್ಯನ್ ಆನರ್” ಅಂದುಬಿಟ್ಟೆ.

ಮೇಷ್ಟ್ರು ಮೇಜು ಕುಟ್ಟಿದರು. “ಎಚ್ ಸ್ವರಾನೇನೇ? ಎ, ಇ, ಐ, ಓ, ಯು, ಈ ಐದರ ಮುಂದೆ ಮಾತ್ರ ಆ್ಯನ್. ಎ ಹಾನರ್ ಅನ್ನು! ಶಾಗ್ಯದೋರಿಗೆ ಹಲ್ಲಿದ್ರೂ ‘ಹ’ ಇಲ್ವಲ್ಲೇ!”

ತರಗತಿಯೆಲ್ಲ ನಕ್ಕಿತು. ಅಂದಿನಿಂದ ಮನೆಯಲ್ಲಿ ಹಾನರ್, ಹಾನರ್ ಎಂದು ಉಸಿರು ಬಿಡುವುದೇ ಕೆಲಸವಾಯಿತು. “ಅಂಗೇ ವಸಿ ಒಲೇನೂ ಊದ್ಬುಡೇ” ಎಂದು ಅಕ್ಕ ಛೇಡಿಸುತ್ತಿದ್ದಳು.

ವಾರ್ಷಿಕೋತ್ಸವದ ದಿನ ಅಪ್ಪ ಗಂಜಿ ಹಾಕಿದ ಅಂಗಿ ತೊಟ್ಟು ಬಂದು ಕೂತಿದ್ದರು. ಕಿಟಕಿಯಿಂದ ರೇಷ್ಮೆಗೂಡು ಬೇಯಿಸುವ ಗಾಟು ಬರುತ್ತಿತ್ತು. ಹೊಟ್ಟೆಯಿಂದ ಉಸಿರೆಳೆದು “ಇಟ್ ಈಸ್ ಎ ಹಾನರ್” ಎಂದೆ. ಅತಿಥಿ ಮೇಡಂ ಮುಗುಳ್ನಕ್ಕರು. “ಆ್ಯನ್ ಆನರ್ ಅನ್ಬೇಕು ಪುಟ್ಟಾ. ಅಲ್ಲಿ ‘ಹ’ ಇಲ್ಲ.” ಮೈಕಿನಲ್ಲಿ ಎಲ್ಲರಿಗೂ ಕೇಳಿಸಿತು.

ಮೇಷ್ಟ್ರ ಮುಖ ಕೆಂಪಾಯಿತು. “ಹಳ್ಳಿ ಹುಡ್ಗಿ ಮೇಡಂ. ಎಷ್ಟು ಹೇಳ್ಕೊಟ್ರೂ ಮನೇಲಿ ಕಲಿತದ್ದೇ ಬರುತ್ತೆ” ಎಂದರು.

ಅಷ್ಟಕ್ಕೇ ಅಪ್ಪ ಎದ್ದು ನಿಂತು ಕೈಮುಗಿದರು. “ತೆಪ್ಪಾಯ್ತು ಸಾ. ನಮ್ ಬಾಯೇ ಅಂಗೆ. ಮಗೀಗೂ ಅದೇ ಬಂದದೆ.”

ಸಭೆ ನಕ್ಕಿತು. ನನ್ನ ಕಿವಿ, ಕೆನ್ನೆ ಎಲ್ಲ ಸುಟ್ಟಂತಾಯಿತು. ನಮ್ಮ ಬಾಯಿ ಮೊದಲೇ ಸರಿಯಾಗಿ ಹೇಳಿತ್ತು ಎಂಬುದು ಅಪ್ಪನಿಗೆ ಗೊತ್ತಿರಲಿಲ್ಲ. ಗೊತ್ತಾಗಿದ್ದ ನಾನು ಮೈಕು ಬಿಟ್ಟು ಕೆಳಗಿಳಿದು ಬಂದೆ. ವಾಪಸು ಬರುವಾಗ ಬಸ್ಸಿನಲ್ಲಿ ಕಂಡಕ್ಟರ್ ಯಾವೂರು ಎಂದು ಕೇಳಿದಾಗ, “ಶಾಗ್ಯ” ಎಂಬುದನ್ನೂ ಅಪ್ಪ ಎಲ್ಲಿ ತಪ್ಪಾದೀತೋ ಎಂಬಂತೆ ಮೆಲ್ಲಗೆ ಅಂದರು.

ಈಗ ಮೊಮ್ಮಕ್ಕಳು ನೀವು ಕನ್ನಡ, ಇಂಗ್ಲಿಷ್, ತಮಿಳು ಮೂರನ್ನೂ ಕಲಸಿಕೊಂಡು ಮಾತಾಡುತ್ತೀರಿ. ತರಗತಿಯಲ್ಲಿ “ಮಿಸ್, ಅದು ಹಾಗಲ್ಲ” ಎಂದು ಎದ್ದು ನಿಲ್ಲುತ್ತೀರಂತೆ. ನಿಮ್ಮಮ್ಮ ದೂರು ಹೇಳಿದಳು. ನನಗೆ ನಿಮ್ಮನ್ನು ಬಯ್ಯಲು ಮನಸ್ಸು ಬರಲಿಲ್ಲ. ನನ್ನ ಕಾಲದಲ್ಲಿ ಎದ್ದು ನಿಂತವರು ಅಪ್ಪ ಒಬ್ಬರೇ, ಅದೂ ಕ್ಷಮೆ ಕೇಳಲು.